ಹದಿನಾರು ಕಡ್ಡಿ ಜೀವ: ಕ್ಯಾಸಲ್‌ವೇನಿಯಾದ ಕಷ್ಟದ ಕಥೆ

ಬ್ಲಾಗಿನ ಕಡೆ ತಲೆ ಹಾಕಿ ಎರಡು ತಿಂಗಳ ಮೇಲಾಯ್ತು. ಆಫೀಸಿನ ರಿಲೀಸು, ಅದರ ಹಿಂದೆ ಇನ್ನೊಂದು ರಿಲೀಸು... ಆ ಗೋಳು ನಿಮಗೂ ಗೊತ್ತಿರೋದೇ, ಬಿಡಿ. ಈ ಸಲ ಬರೀತಿರೋದು ಪುಸ್ತಕದ ಬಗ್ಗೆ ಅಲ್ಲ, ಚಾರಣದ ಬಗ್ಗೆಯೂ ಅಲ್ಲ. ಒಂದು ಹಳೇ ವಿಡಿಯೋ ಗೇಮಿನ ಇತಿಹಾಸ. "ಇದೂ ಒಂದು ಇತಿಹಾಸಾನಾ?" ಅಂತ ಮೂಗು ಮುರಿಯೋರು ದಯವಿಟ್ಟು ಅರ್ಧದವರೆಗಾದರೂ ಓದಿ, ಆಮೇಲೆ ಬೈಯಿರಿ :-)

ಇದನ್ನು ಬರೆಯೋಕೆ ಕಾರಣ ನಮ್ಮಣ್ಣ. ದೊಡ್ಡಮ್ಮನ ಮಗ, ನನಗಿಂತ ಮೂರು ವರ್ಷಕ್ಕೆ ದೊಡ್ಡವನು. ಚಿಕ್ಕವರಿದ್ದಾಗ ಬೇಸಿಗೆ ರಜೆಗೆ ಸಾಗರದ ಅಜ್ಜಿ ಮನೆಗೆ ಹೋದರೆ ಅಲ್ಲಿ ಒಂದು ಟಿವಿ ಗೇಮ್ ಇರ್ತಿತ್ತು. ನಿಂಟೆಂಡೊ ಯಂತ್ರದ ನಕಲು, ಹಳದಿ ಕ್ಯಾಸೆಟ್ಟು, ಓಡದಿದ್ದರೆ ಬಾಯಿಂದ ಉಫ್ ಅಂತ ಊದಿ ಮತ್ತೆ ಸಿಕ್ಕಿಸೋದು. ಅದರಲ್ಲಿ ಕಾಂಟ್ರಾ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ ಒತ್ತಿದರೆ ಮೂವತ್ತು ಲೈಫು ಸಿಗೋ ಗುಟ್ಟು ಆಗಿನ ಹುಡುಗರಿಗೆಲ್ಲ ಬಾಯಿಪಾಠ. ಆದರೆ ಅಣ್ಣ ಇದ್ದಾಗ ಅದಕ್ಕೆ ಅವಕಾಶ ಇರಲಿಲ್ಲ. "ಮೂವತ್ತು ಲೈಫ್ ಹಾಕ್ಕೊಂಡು ಗೆದ್ರೆ ಅದು ಗೆದ್ದಂಗಲ್ಲ ಮಾರಾಯ" ಅನ್ನೋನು. ಮೂರೇ ಲೈಫಲ್ಲಿ ಅವನು ಆಡ್ತಿದ್ದ, ನಾವು ಬಾಯಿ ಬಿಟ್ಟುಕೊಂಡು ನೋಡ್ತಿದ್ವಿ. ಕೊನೇ ಹಂತದಲ್ಲಿದ್ದಾಗ ಕರೆಂಟು ಹೋದರೆ ಮನೆಯಲ್ಲಿ ಸೂತಕದ ವಾತಾವರಣ.

ಎರಡು ವರ್ಷದ ಹಿಂದೆ ಅಣ್ಣನಿಗೆ ಬೈಕ್ ಅಪಘಾತ ಆಯ್ತು. ಬಲಗೈ ಮಣಿಕಟ್ಟಿಗೆ ಪ್ಲೇಟ್ ಹಾಕಿದ್ದಾರೆ. ಕೆಲಸಕ್ಕೆ ಏನೂ ತೊಂದರೆ ಇಲ್ಲ, ಆದರೆ ಬಲಗೈ ಹೆಬ್ಬೆರಳು ಮೊದಲಿನ ಹಾಗೆ ಪಟಪಟ ಅಂತ ಆಡೋದಿಲ್ಲ. ಮನೆಯಲ್ಲಿ ಕೂತು ಬೇಜಾರು ಅಂದಿದ್ದಕ್ಕೆ ನಾನೇ ಕಾಂಟ್ರಾ ಮಾಡಿದ ಕೊನಾಮಿ ಕಂಪನಿಯದೇ ಇನ್ನೊಂದು ಆಟ, ಕ್ಯಾಸಲ್‌ವೇನಿಯಾ ಹಾಕಿಕೊಟ್ಟಿದ್ದೆ. ಹೋದ ತಿಂಗಳು ಫೋನ್ ಮಾಡಿದ. "ಲೋ, ಮುಗಿಸ್ದೆ ಕಣೋ ಡ್ರಾಕ್ಯುಲಾನ್ನ" ಅಂದ. ನಾನು ಖುಷಿಯಿಂದ ಏನೋ ಹೇಳೋಕೆ ಹೋದರೆ ತಡೆದು, "ಆದ್ರೆ ಸೇವ್ ಮಾಡ್ಕೊಂಡು ಮಾಡ್ಕೊಂಡು ಮುಗಿಸಿದ್ದು. ಇದು ಲೆಕ್ಕಕ್ಕೆ ಬರುತ್ತಾ?" ಅಂತ ಕೇಳಿದ.

ತಮಾಷೆಗೆ ಕೇಳಿದ್ದಲ್ಲ ಅಂತ ದನಿಯಲ್ಲೇ ಗೊತ್ತಾಯ್ತು. ನಾನು "ಬರುತ್ತೆ ಬಿಡೋ" ಅಂದೆ. ಫೋನ್ ಇಟ್ಟ ಮೇಲೆ ಅದು ಸಮಾಧಾನಕ್ಕೆ ಹೇಳಿದ ಮಾತಾಯ್ತಲ್ಲ ಅನ್ನಿಸ್ತು. ನಿಜವಾಗಿ ಲೆಕ್ಕಕ್ಕೆ ಬರುತ್ತಾ? ಆ ಪ್ರಶ್ನೆ ಹಿಡ್ಕೊಂಡು ಈ ಆಟದ ಹಿಂದುಮುಂದು ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ಕೆಳಗೆ ಬರೆದಿದ್ದೀನಿ.

ಮೊದಲು ಆಟ ಯಾವುದು ಅಂತ ಹೇಳಿಬಿಡ್ತೀನಿ. 1986ರ ಸೆಪ್ಟೆಂಬರಿನಲ್ಲಿ ಕೊನಾಮಿ ಜಪಾನಿನಲ್ಲಿ ಇದನ್ನು 'ಅಕುಮಾಜೋ ಡ್ರಾಕ್ಯುಲಾ' ಅನ್ನೋ ಹೆಸರಲ್ಲಿ ಬಿಡುಗಡೆ ಮಾಡಿತು. ದೆವ್ವದ ಕೋಟೆಯ ಡ್ರಾಕ್ಯುಲಾ ಅಂದುಕೊಳ್ಳಿ. 1987ರಲ್ಲಿ ಅಮೆರಿಕಕ್ಕೆ ಬಂದಾಗ ಹೆಸರು ಕ್ಯಾಸಲ್‌ವೇನಿಯಾ ಆಯ್ತು. ಸೈಮನ್ ಬೆಲ್ಮಾಂಟ್ ಅನ್ನೋ ಒಬ್ಬ ಚಾವಟಿ ಹಿಡಿದು ಡ್ರಾಕ್ಯುಲಾನ ಕೋಟೆಗೆ ನುಗ್ತಾನೆ. ಒಟ್ಟು ಹದಿನೆಂಟು ಹಂತ, ಮೂರು ಮೂರರಂತೆ ಆರು ಭಾಗ. ಒಂದೊಂದು ಭಾಗದ ಕೊನೆಗೆ ಒಬ್ಬೊಬ್ಬ ದೊಡ್ಡ ವೈರಿ: ದೈತ್ಯ ಬಾವಲಿ, ಮೆಡೂಸಾ, ಇಬ್ಬರು ಮಮ್ಮಿಗಳು, ಫ್ರಾಂಕನ್‌ಸ್ಟೈನನ ರಾಕ್ಷಸ, ಕುಡುಗೋಲು ಹಿಡಿದ ಸಾಕ್ಷಾತ್ ಮೃತ್ಯು, ಕೊನೆಗೆ ಡ್ರಾಕ್ಯುಲಾ.

ಈ ಪಟ್ಟಿ ನೋಡಿದರೇ ಗೊತ್ತಾಗುತ್ತೆ, ಮಾಡಿದವರು ಹಳೇ ಹಾರರ್ ಸಿನಿಮಾಗಳ ಹುಚ್ಚರು. ಆಟ ಮುಗಿದ ಮೇಲೆ ಬರೋ ಹೆಸರುಗಳಂತೂ ಇನ್ನೂ ಮಜಾ. ಡ್ರಾಕ್ಯುಲಾ ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ಇಲ್ಲಿ 'ವ್ರಾಮ್ ಸ್ಟೋಕರ್'. ಡ್ರಾಕ್ಯುಲಾ ಪಾತ್ರ ಮಾಡಿದ ಕ್ರಿಸ್ಟೋಫರ್ ಲೀ 'ಕ್ರಿಸ್ಟೋಫರ್ ಬೀ'. ಸಂಗೀತ ಮಾಡಿದ್ದು ಕಿನುಯೊ ಯಮಾಶಿತಾ ಅನ್ನೋ ಹೆಣ್ಣುಮಗಳು. ಅವಳ ಹೆಸರಿನ ಜಾಗದಲ್ಲಿ ಇರೋದು 'ಜೇಮ್ಸ್ ಬನಾನಾ'! ಬ್ರಿಟನ್ನಿನ ಹ್ಯಾಮರ್ ಕಂಪನಿಯ ಡ್ರಾಕ್ಯುಲಾ ಚಿತ್ರಗಳಿಗೆ ಸಂಗೀತ ಕೊಟ್ಟ ಜೇಮ್ಸ್ ಬರ್ನಾರ್ಡನ ಹೆಸರನ್ನು ತಿರುಚಿದ್ದು. ಆ ಕಾಲದಲ್ಲಿ ಕಂಪನಿಗಳು ಆಟ ಮಾಡಿದವರ ನಿಜವಾದ ಹೆಸರು ಹಾಕೋದು ಅಪರೂಪ. ಇಷ್ಟು ಕಷ್ಟದ ಆಟ ಮುಗಿಸಿದವನಿಗೆ, ಯಾರು ಮಾಡಿದ್ದು ಅಂತಾನೂ ತಿಳೀತಿರಲಿಲ್ಲ.

ಈಗ ಕಷ್ಟದ ವಿಷಯಕ್ಕೆ ಬರೋಣ. ಈ ಆಟ ಆಡಿದ ಯಾರನ್ನೇ ಕೇಳಿ, ಮೊದಲು ಬೈಯೋದು ಜಿಗಿತವನ್ನ. 1985ರ ಸೂಪರ್ ಮಾರಿಯೋ ನಿಮಗೆ ಗೊತ್ತು. ಹಾರಿದ ಮೇಲೂ ಗಾಳಿಯಲ್ಲೇ ಹಿಂದೆ ಮುಂದೆ ಸರಿಸಬಹುದು. ಸೈಮನ್ ಹಾಗಲ್ಲ. ಎಸೆದ ಕಲ್ಲು ಹೇಗೋ ಹಾಗೆ. ನೆಲ ಬಿಟ್ಟ ಮೇಲೆ ದಿಕ್ಕು ಬದಲಾಯಿಸೋಕೆ ಆಗಲ್ಲ, ಎಲ್ಲಿ ಬೀಳಬೇಕೋ ಅಲ್ಲೇ ಬೀಳ್ತಾನೆ. ಚಾವಟಿ ಬೀಸೋಕೂ ಒಂದು ಕ್ಷಣ ಹಿಡಿಯುತ್ತೆ, ಗುಂಡಿ ಒತ್ತಿದ ತಕ್ಷಣ ಏಟು ಬೀಳೋದಿಲ್ಲ. ಮೆಟ್ಟಿಲ ಮೇಲಿದ್ದಾಗ ಜಿಗಿಯೋ ಹಾಗೇ ಇಲ್ಲ. ಎಲ್ಲಕ್ಕಿಂತ ದೊಡ್ಡ ತಲೆನೋವು ಅಂದರೆ ಪೆಟ್ಟು ಬಿದ್ದಾಗ ಸೈಮನ್ ಹಿಂದಕ್ಕೆ ಚಿಮ್ಮಿ ಬೀಳ್ತಾನೆ. ಹಿಂದೆ ಹಳ್ಳ ಇದ್ದರೆ ಮುಗೀತು ಕಥೆ. ಜೀವದ ಕಡ್ಡಿ ತುಂಬಾ ಇದ್ದರೂ ಸಾವೇ.

ಇದಕ್ಕೆ ಸರಿಯಾಗಿ ಮೆಡೂಸಾ ತಲೆಗಳು. ಬರೀ ರುಂಡಗಳು, ಗಾಳಿಯಲ್ಲಿ ಮೇಲೆ ಕೆಳಗೆ ಅಲೆಯ ಹಾಗೆ ತೇಲುತ್ತಾ ಬರ್ತವೆ. ಪಿಯುಸಿಯಲ್ಲಿ ಸೈನ್ ತರಂಗದ ಗ್ರಾಫ್ ಹಾಕಿದ್ದೀವಲ್ಲ, ಅದೇ ದಾರಿ. ಟ್ರಿಗನಾಮೆಟ್ರಿ ಮೊದಲೇ ನನಗೆ ಕಷ್ಟ, ಈ ಆಟ ಆಡಿದ ಮೇಲೆ ಅದರ ಮೇಲೆ ವೈಯಕ್ತಿಕ ದ್ವೇಷ ಬಂತು :-) ಒಂದು ರುಂಡ ತಾಗಿದರೆ ಹೋಗೋ ಜೀವ ದೊಡ್ಡದಲ್ಲ. ಅದು ತಳ್ಳಿ ಹಳ್ಳಕ್ಕೆ ಬೀಳಿಸುತ್ತಲ್ಲ, ಅದೇ ಪ್ರಾಣಕ್ಕೆ ಬರೋದು.

ಪೆಟ್ಟಿನ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಸೈಮನ್ನಿಗೆ ಇರೋದು ಹದಿನಾರು ಕಡ್ಡಿ ಜೀವ. ಒಂದರಿಂದ ಆರನೇ ಹಂತದವರೆಗೆ ಏನು ತಾಗಿದರೂ ಎರಡು ಕಡ್ಡಿ ಹೋಗುತ್ತೆ. ಅಂದರೆ ಎಂಟು ಪೆಟ್ಟಿಗೆ ಸಾವು. ಏಳರಿಂದ ಹನ್ನೆರಡರವರೆಗೆ ಮೂರು ಕಡ್ಡಿ, ಆರು ಪೆಟ್ಟು. ಹದಿಮೂರರಿಂದ ಮುಂದೆ ನಾಲ್ಕು ಕಡ್ಡಿ, ನಾಲ್ಕೇ ಪೆಟ್ಟು. ಮೊದಲ ಹಂತದಲ್ಲಿ ಎರಡು ಕಡ್ಡಿ ತಿಂದ ಬಾವಲಿ ಕೊನೆಯಲ್ಲಿ ನಾಲ್ಕು ಕಡ್ಡಿ ತಿನ್ನುತ್ತೆ. ಬಾವಲಿಯೇನೂ ದಪ್ಪ ಆಗಿಲ್ಲ, ಬಲ ಬಂದಿಲ್ಲ. ಲೆಕ್ಕ ಬದಲಾಗಿದೆ ಅಷ್ಟೆ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದರೆ ಯಾರೋ ಒಬ್ಬ ಒಂದು ಕಡೆ 2 ಇದ್ದದ್ದನ್ನು 4 ಮಾಡಿದ್ದಾನೆ. ಈ ಮಾತು ಸ್ವಲ್ಪ ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತೆ.

ಆಡಿದವರ ಅಭಿಪ್ರಾಯದಲ್ಲಿ ಮೊದಲಿಂದಲೂ ಎರಡು ಪಂಗಡ ಇದೆ. ಒಂದು ಪಂಗಡದವರು ಇದು ಅನ್ಯಾಯದ ಆಟ ಅಂತಾರೆ. ಕೈ ಹೇಳಿದ ಹಾಗೆ ಕೇಳದ ನಾಯಕ, ಹಳ್ಳಕ್ಕೆ ತಳ್ಳೋ ರುಂಡ, ಸತ್ತರೆ ಚಾವಟಿ ಮತ್ತೆ ಮೊಂಡು, ಗಳಿಸಿದ ಆಯುಧವೂ ಹೋಯ್ತು. ಹೃದಯ ಸಿಕ್ಕಿದರೆ ಜೀವ ಬರುತ್ತೆ ಅಂದುಕೊಂಡು ಓಡಿದರೆ ಅದು ಜೀವಕ್ಕಲ್ಲ, ಆಯುಧ ಎಸೆಯೋ ಲೆಕ್ಕಕ್ಕೆ. ಜೀವ ಬರೋ ಮಾಂಸದ ತುಂಡನ್ನು ಗೋಡೆಯೊಳಗೆ ಬಚ್ಚಿಟ್ಟಿರ್ತಾರೆ. ಎಷ್ಟು ವರ್ಷದ ಹಳೇ ಮಾಂಸವೋ, ಡ್ರಾಕ್ಯುಲಾನಿಗೇ ಗೊತ್ತು.

ಇನ್ನೊಂದು ಪಂಗಡದವರ ಮಾತು ಬೇರೆ. ಜಿಗಿತ ಬದಲಾಗಲ್ಲ ಅಂದರೆ ಜಿಗಿಯೋ ಮೊದಲೇ ಯೋಚಿಸಬೇಕು ಅಂತ ಅರ್ಥ, ಆಟ ಎಲ್ಲೂ ಮೋಸ ಮಾಡಲ್ಲ, ನಿಯಮ ಒಂದೇ, ಕಲಿತವನು ಗೆಲ್ತಾನೆ ಅಂತಾರೆ. ಅವರ ವಾದಕ್ಕೆ ಬಲ ಇದೆ. 1985ರಲ್ಲಿ ಕ್ಯಾಪ್‌ಕಾಮ್ ಮಾಡಿದ 'ಘೋಸ್ಟ್ಸ್ ಆಂಡ್ ಗಾಬ್ಲಿನ್ಸ್' ಕೂಡ ಇದೇ ಜಾತಿಯ ಆಟ. ಸ್ಮಶಾನ, ದೆವ್ವ, ಕಲ್ಲಿನಂಥ ಜಿಗಿತ. ಅಲ್ಲಿ ಎರಡೇ ಪೆಟ್ಟಿಗೆ ಸಾವು. ಮೊದಲ ಪೆಟ್ಟಿಗೆ ಕವಚ ಉದುರಿ ನಾಯಕ ಚಡ್ಡಿಯಲ್ಲಿ ನಿಲ್ತಾನೆ. ಹೇಗೋ ಕೊನೆ ಮುಟ್ಟಿದರೆ, ಇದೆಲ್ಲ ಮಾಯೆ, ಮತ್ತೆ ಮೊದಲಿಂದ ಆಡು ಅನ್ನುತ್ತೆ! ಅದರ ಎದುರು ಕ್ಯಾಸಲ್‌ವೇನಿಯಾ ದಯಾಮಯಿ. ಎಷ್ಟು ಸಲ ಬೇಕಾದರೂ ಕಂಟಿನ್ಯೂ ಮಾಡಬಹುದು, ಹೆಚ್ಚೆಂದರೆ ಆ ಭಾಗದ ಮೊದಲನೇ ಹಂತಕ್ಕೆ ಹಿಂದೆ ಹೋಗಬೇಕು ಅಷ್ಟೆ.

ಎರಡು ಪಂಗಡದವರೂ ಒಟ್ಟಾಗಿ ಹೆದರೋ ಜಾಗ ಒಂದಿದೆ. ಹದಿನೈದನೇ ಹಂತದಲ್ಲಿ ಮೃತ್ಯುವಿನ ಕೋಣೆಗೆ ಮೊದಲು ಬರೋ ಓಣಿ. ಎದುರಿಗೆ ಕೊಡಲಿ ಎಸೆಯೋ ಕವಚಧಾರಿಗಳು, ಹಿಂದೆ ಮುಂದೆ ಮೆಡೂಸಾ ರುಂಡಗಳು, ನಾಲ್ಕು ಪೆಟ್ಟಿಗೆ ಸಾವು. ಇದನ್ನು ದಾಟಿದರೆ ಮೃತ್ಯು ಕುಡುಗೋಲುಗಳನ್ನು ಹಾರಿಸ್ತಾ ಕಾಯ್ತಿರ್ತಾನೆ. ಬರೀ ಕೈಚಳಕದಿಂದ ಗೆಲ್ಲೋದು ಕಷ್ಟ. ಆದರೆ ಪವಿತ್ರ ಜಲದ ಶೀಶೆ ಉಳಿಸಿಕೊಂಡು ಬಂದವನು ಅದನ್ನು ಎಸೆದರೆ ಬೆಂಕಿ ಹತ್ತಿ ಮೃತ್ಯು ನಿಂತಲ್ಲೇ ನಿಲ್ತಾನೆ, ಮೇಲಿಂದ ಮೇಲೆ ಎಸೆದರೆ ಅಲುಗಾಡೋಕೂ ಬಿಡದೆ ಮುಗಿಸಬಹುದು. ಇದನ್ನು ಕೆಲವರು ಜಾಣತನ ಅಂದರು, ಕೆಲವರು ಕಳ್ಳದಾರಿ ಅಂದರು. ಇರೋ ಆಯುಧವನ್ನು ಇರೋ ನಿಯಮದಲ್ಲೇ ಬಳಸಿದರೂ 'ಇದು ಗೆದ್ದಂಗಲ್ಲ' ಅನ್ನೋರು ಆಗಲೂ ಇದ್ದರು ಅಂತ ಇದರಿಂದ ಗೊತ್ತಾಗುತ್ತೆ. ನಮ್ಮಣ್ಣ ಒಬ್ಬನೇ ಅಲ್ಲ.

ಇಲ್ಲಿವರೆಗಿನದು ಗೊತ್ತಿರೋ ಕಥೆ. ನನಗೆ ಗೊತ್ತಿಲ್ಲದೇ ಇದ್ದದ್ದು ಮುಂದಿನದು.

ಜಪಾನಿನಲ್ಲಿ ಈ ಆಟ ಕ್ಯಾಸೆಟ್ಟಿನಲ್ಲಿ ಬಂದದ್ದೇ ಅಲ್ಲ. ನಿಂಟೆಂಡೊ 1986ರ ಫೆಬ್ರುವರಿಯಲ್ಲಿ ಫ್ಯಾಮಿಕಾಮ್ ಯಂತ್ರಕ್ಕೆ ಡಿಸ್ಕ್ ಸಿಸ್ಟಮ್ ಅನ್ನೋ ಒಂದು ಜೋಡಣೆ ಬಿಟ್ಟಿತ್ತು. ಫ್ಲಾಪಿಯಂಥ ಡಿಸ್ಕು. ಅಂಗಡಿಗೆ ಹೋಗಿ 500 ಯೆನ್ ಕೊಟ್ಟರೆ ಹಳೇ ಆಟ ಅಳಿಸಿ ಹೊಸದು ಬರೆದುಕೊಡೋ ಯಂತ್ರವೂ ಇತ್ತು. ಡಿಸ್ಕಿನ ಮೇಲೆ ಬರೆಯಬಹುದಲ್ಲ, ಅದಕ್ಕೇ ಆಟವನ್ನು ಸೇವ್ ಮಾಡಬಹುದಿತ್ತು! 1986ರ ಜಪಾನಿನ ಹುಡುಗ ಇವತ್ತು ಸ್ವಲ್ಪ ಆಡಿ, ಸೇವ್ ಮಾಡಿ, ಊಟ ಮಾಡಿ ಮಲಗಿ, ನಾಳೆ ಅಲ್ಲಿಂದಲೇ ಮುಂದುವರಿಸ್ತಿದ್ದ. ಡಿಸ್ಕ್ ಸಿಸ್ಟಮ್ ಅಮೆರಿಕಕ್ಕೆ ಬರಲೇ ಇಲ್ಲ. ಅಲ್ಲಿಗೆ ಆಟ ಕ್ಯಾಸೆಟ್ಟಾಗಿ ಹೋಯ್ತು, ಸೇವ್ ಅನ್ನೋದು ಬಿದ್ದುಹೋಯ್ತು. ಅಮೆರಿಕದ ಹುಡುಗ ಯಂತ್ರ ಆರಿಸಿದರೆ ಮತ್ತೆ ಮೊದಲನೇ ಹಂತ. ಒಂದೇ ಆಟ, ಒಂದೇ ಬಾವಲಿ, ಒಂದೇ ಓಣಿ. ಆದರೆ ಒಂದು ದೇಶದಲ್ಲಿ ಅದು ದಿನಕ್ಕಿಷ್ಟು ಅಂತ ಮುಗಿಸೋ ಆಟ, ಇನ್ನೊಂದು ದೇಶದಲ್ಲಿ ಒಂದೇ ಕೂತಲ್ಲಿ ಮುಗಿಸಬೇಕಾದ ಆಟ. 'ಒಂದೇ ಉಸಿರಿಗೆ ಮುಗಿಸೋದೇ ಅಸಲಿ' ಅನ್ನೋ ಮಾತಿದೆಯಲ್ಲ, ಅದು ಅಸಲಿ ಆಟದಲ್ಲೇ ಇರಲಿಲ್ಲ!

ಎರಡನೇ ಭಾಗ 'ಸೈಮನ್ಸ್ ಕ್ವೆಸ್ಟ್' ಜಪಾನಿನಲ್ಲಿ 1987ಕ್ಕೆ, ಅಮೆರಿಕದಲ್ಲಿ 1988ಕ್ಕೆ ಬಂತು. ಇದರ ಕಷ್ಟ ಕೈಯದ್ದಲ್ಲ, ತಲೆಯದ್ದು. ಊರಿನ ಜನ ಕೊಡೋ ಸುಳಿವುಗಳಲ್ಲಿ ಕೆಲವು ಸುಳ್ಳು, ಮಿಕ್ಕವು ಇಂಗ್ಲಿಷಿಗೆ ಬರೋವಾಗ ಅರ್ಥ ಕೆಟ್ಟವು. ಒಂದು ಬಂಡೆಯ ಮುಂದೆ ಕೆಂಪು ಹರಳು ಹಿಡಿದು ಸುಮ್ಮನೆ ಮಂಡಿಯೂರಿ ಕೂತರೆ ಸುಂಟರಗಾಳಿ ಬಂದು ಎತ್ತಿಕೊಂಡು ಹೋಗುತ್ತೆ. ಇದು ಯಾರಿಗೆ ಹೊಳೆಯಬೇಕು ಹೇಳಿ? ಇದೇ ಆಟದ ಮೇಲಿನ ಸಿಟ್ಟಿನಿಂದ ಜೇಮ್ಸ್ ರೋಲ್ಫ್ ಅನ್ನೋ ಅಮೆರಿಕನ್ 2004ರಲ್ಲಿ ಒಂದು ವಿಡಿಯೋ ಮಾಡಿದ. 'ಆಂಗ್ರಿ ವಿಡಿಯೋ ಗೇಮ್ ನರ್ಡ್' ಅಂತ ಮುಂದೆ ಹೆಸರಾದ ಸರಣಿ ಶುರುವಾಗಿದ್ದೇ ಅಲ್ಲಿಂದ. ಹಳೇ ಆಟಕ್ಕೆ ಬಾಯಿಗೆ ಬಂದ ಹಾಗೆ ಬೈಯೋದು ಒಂದು ಕಲೆ ಆಗಿದ್ದೇ ಆಮೇಲೆ. ಅದೇ ಮನುಷ್ಯ 2009ರಲ್ಲಿ ಇಡೀ ಕ್ಯಾಸಲ್‌ವೇನಿಯಾ ಸರಣಿಯ ಬಗ್ಗೆ ವಿಡಿಯೋ ಮಾಡಿದಾಗ ಮೊದಲ ಆಟವನ್ನು ಬಾಯಿತುಂಬ ಹೊಗಳಿದ. ಅವನ ಸಿಟ್ಟು ಕಷ್ಟದ ಮೇಲಲ್ಲ, ದಾರಿ ತೋರಿಸದ ಕಷ್ಟದ ಮೇಲೆ.

ಮೂರನೇ ಭಾಗಕ್ಕೆ ಬಂದರೆ ನನಗೆ ನಿಜವಾಗಲೂ ತಲೆ ತಿರುಗಿತು. ಜಪಾನಿನಲ್ಲಿ 1989ರ ಡಿಸೆಂಬರಿನಲ್ಲಿ 'ಅಕುಮಾಜೋ ಡೆನ್ಸೆತ್ಸು', ಅಮೆರಿಕದಲ್ಲಿ 1990ರಲ್ಲಿ 'ಕ್ಯಾಸಲ್‌ವೇನಿಯಾ 3'. 2017ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಕ್ಯಾಸಲ್‌ವೇನಿಯಾ ಕಾರ್ಟೂನ್ ಸರಣಿ ನೋಡಿದ್ದರೆ, ಅದರ ಕಥೆಗೆ ಆಧಾರ ಇದೇ ಆಟ. ಜಪಾನಿನ ಕ್ಯಾಸೆಟ್ಟಿನೊಳಗೆ ಕೊನಾಮಿ ತನ್ನದೇ ಒಂದು ಚಿಪ್ಪು ಹಾಕಿತ್ತು, ಅದರಿಂದ ಸಂಗೀತಕ್ಕೆ ಇನ್ನೂ ಮೂರು ದನಿ ಹೆಚ್ಚು. ಅಮೆರಿಕದ ಯಂತ್ರದಲ್ಲಿ ಅದು ನಡೀತಿರಲಿಲ್ಲ, ಹಾಗಾಗಿ ಸಂಗೀತವನ್ನು ಕಡಿಮೆ ದನಿಗೆ ಮತ್ತೆ ಹೊಂದಿಸಿದರು. ಇದು ಯಂತ್ರದ ಅನಿವಾರ್ಯ. ಒಪ್ಪೋಣ.

ಆದರೆ ಪೆಟ್ಟಿನ ಲೆಕ್ಕವನ್ನೂ ಬದಲಾಯಿಸಿದ್ದರು! ಜಪಾನಿನ ಆಟದಲ್ಲಿ ಯಾವ ವೈರಿ ಹೊಡೆದ ಅನ್ನೋದರ ಮೇಲೆ ಪೆಟ್ಟು. ಬಾವಲಿಗೆ ಬಾವಲಿಯ ಪೆಟ್ಟು, ರಾಕ್ಷಸನಿಗೆ ರಾಕ್ಷಸನ ಪೆಟ್ಟು. ಅಮೆರಿಕದ ಆಟದಲ್ಲಿ ಮೊದಲ ಭಾಗದ ಹಾಗೆ, ಮುಂದೆ ಮುಂದೆ ಹೋದ ಹಾಗೆ ಯಾರು ಹೊಡೆದರೂ ಒಂದೇ ಜೋರು ಪೆಟ್ಟು. ಇನ್ನೊಂದು, ಗ್ರಾಂಟ್ ಅಂತ ಗೋಡೆ ಹತ್ತೋ ಒಬ್ಬ ಜೊತೆಗಾರ ಇದ್ದಾನೆ. ಜಪಾನಿನಲ್ಲಿ ಅವನು ದೂರದಿಂದಲೇ ಚೂರಿ ಎಸೀತಾನೆ, ಎಷ್ಟು ಬೇಕಾದರೂ. ಅಮೆರಿಕಕ್ಕೆ ಬರೋ ಹೊತ್ತಿಗೆ ಎಸೆಯೋದು ಬಿಟ್ಟು ಹತ್ತಿರ ಹೋಗಿ ತಿವಿಯೋನಾದ. ಅಮೆರಿಕದವರು ಮೂವತ್ತು ವರ್ಷ 'ಮೂರನೇ ಭಾಗ ಅಂದರೆ ಕ್ರೂರ' ಅಂತ ಹೇಳಿಕೊಂಡು ಬಂದಿದ್ದು ಅವರ ಕ್ಯಾಸೆಟ್ಟಿನ ಬಗ್ಗೆ. ಜಪಾನಿನವರ ಕೈಲಿದ್ದದ್ದು ಅಷ್ಟು ಕ್ರೂರ ಅಲ್ಲ. ಇಬ್ಬರ ಅಭಿಪ್ರಾಯವೂ ನಿಜ, ಆಟವೇ ಬೇರೆ.

ಯಾಕೆ ಹೀಗೆ? ಆಗಿನ ಅಮೆರಿಕದ ಪರಿಸ್ಥಿತಿ ನೋಡಬೇಕು. ಅಲ್ಲಿ ನಮ್ಮ ಕಡೆ ಸಿನಿಮಾ ಕ್ಯಾಸೆಟ್ ಬಾಡಿಗೆಗೆ ತರ್ತಿದ್ದರಲ್ಲ, ಹಾಗೆ ಆಟಗಳೂ ಬಾಡಿಗೆಗೆ ಸಿಗ್ತಿದ್ದವು. ಶುಕ್ರವಾರ ತಂದು ಭಾನುವಾರದೊಳಗೆ ಮುಗಿಸಿದರೆ ಕೊಂಡುಕೊಳ್ಳೋರು ಯಾರು? ನಿಂಟೆಂಡೊಗೆ ಈ ಬಾಡಿಗೆ ಅಂಗಡಿಗಳನ್ನು ಕಂಡರೆ ಆಗ್ತಿರಲಿಲ್ಲ. 1989ರಲ್ಲಿ ಬ್ಲಾಕ್‌ಬಸ್ಟರ್ ಕಂಪನಿಯ ಮೇಲೆ, ಆಟದ ಕೈಪಿಡಿಗಳನ್ನು ಜೆರಾಕ್ಸ್ ಮಾಡಿ ಕೊಡ್ತಿದ್ದಾರೆ ಅಂತ ಕೇಸು ಹಾಕಿತ್ತು. ಜಪಾನಿನಲ್ಲಿ ಇಂಥ ಬಾಡಿಗೆ ವ್ಯವಹಾರ ಇರಲಿಲ್ಲ ಅಂತಲೇ ಹೇಳಬಹುದು. 1994ರ 'ಲಯನ್ ಕಿಂಗ್' ಆಟ ಮಾಡಿದವರಂತೂ, ಬಾಡಿಗೆಗೆ ತಂದವರು ಬೇಗ ಮುಗಿಸಬಾರದು ಅಂತಲೇ ಎರಡನೇ ಹಂತವನ್ನು ಕಷ್ಟ ಮಾಡಿದ್ದು ಅಂತ ಆಮೇಲೆ ಹೇಳಿಕೊಂಡಿದ್ದಾರೆ. ನಾವು ಕಲೆ, ಸವಾಲು, ಗಂಡೆದೆ ಅಂತೆಲ್ಲ ಹೊಗಳೋ ಕಷ್ಟದ ಹಿಂದೆ ಎಷ್ಟೋ ಸಲ ಬಾಡಿಗೆ ಅಂಗಡಿಯ ಲೆಕ್ಕ ಇತ್ತು!

ಮಜಾ ಅಂದರೆ, ಇಷ್ಟು ಕಷ್ಟ ಮಾಡಿದ ಅದೇ ಆಟದಲ್ಲಿ ಒಂದು ಕರುಣೆಯನ್ನೂ ಬಚ್ಚಿಟ್ಟಿದ್ದಾರೆ. ಶುರುವಿನಲ್ಲಿ ಹೆಸರು ಕೇಳುತ್ತಲ್ಲ, ಅಲ್ಲಿ ನಿಮ್ಮ ಹೆಸರಿನ ಬದಲು 'ಹೆಲ್ಪ್ ಮೀ' ಅಂತ ಬರೆದರೆ ಹತ್ತು ಲೈಫು ಕೊಡುತ್ತೆ. ಕಾಪಾಡಿ ಅಂತ ಬಾಯಿಬಿಟ್ಟು ಕೇಳಿದವನಿಗೆ ಇಲ್ಲ ಅನ್ನಲಿಲ್ಲ ಪುಣ್ಯಾತ್ಮರು.

ಮುಂದಿನದನ್ನು ಚುಟುಕಾಗಿ ಹೇಳ್ತೀನಿ. 1991ರ 'ಸೂಪರ್ ಕ್ಯಾಸಲ್‌ವೇನಿಯಾ 4'ರಲ್ಲಿ ಚಾವಟಿ ಎಂಟು ದಿಕ್ಕಿಗೂ ಬೀಸಬಹುದು, ಜಿಗಿತವನ್ನು ಗಾಳಿಯಲ್ಲೇ ತಿದ್ದಬಹುದು. ಕೆಲವರು ಅಬ್ಬ ಅಂದರು, ಕೆಲವರು ಸಪ್ಪೆ ಆಯ್ತು ಅಂದರು. 1993ರಲ್ಲಿ ಮೊದಲ ಆಟವನ್ನು ಜಪಾನಿನಲ್ಲಿ ಕ್ಯಾಸೆಟ್ಟಾಗಿ ಮತ್ತೆ ಬಿಟ್ಟಾಗ ಕೊನಾಮಿ ಅದಕ್ಕೆ 'ಈಸಿ' ಅನ್ನೋ ಆಯ್ಕೆಯನ್ನೇ ಸೇರಿಸಿತು. 1997ರ 'ಸಿಂಫನಿ ಆಫ್ ದ ನೈಟ್' ಅಂತೂ ದಾರಿಯನ್ನೇ ಬದಲಾಯಿಸಿತು. ಆ ತಂಡದಲ್ಲಿದ್ದ ಕೋಜಿ ಇಗರಾಶಿ ಆಮೇಲೆ ಎಷ್ಟೋ ಕಡೆ ಹೇಳಿದ್ದಾರೆ: ಹಳೇ ರೀತಿಯ ಆಟವನ್ನು ಕೈ ಪಳಗಿದವನು ಬೇಗ ಮುಗಿಸಿ ಬದಿಗಿಡ್ತಾನೆ, ಪಳಗದವನು ಮುಗಿಸೋದೇ ಇಲ್ಲ. ಅದಕ್ಕೆ ನಾಯಕನೇ ಮೆಲ್ಲಮೆಲ್ಲಗೆ ಬಲ ಪಡೆಯೋ ಹಾಗೆ ಮಾಡಿದರು. ಕೈ ಸೋತರೆ ಇನ್ನಷ್ಟು ಹೊತ್ತು ಆಡಿ ಶಕ್ತಿ ಕೂಡಿಸಿಕೊಂಡು ಮತ್ತೆ ಬನ್ನಿ ಅಂತ. ಅದೇ ಇಗರಾಶಿ ಕೊನಾಮಿ ಬಿಟ್ಟ ಮೇಲೆ 2015ರಲ್ಲಿ ಜನರಿಂದ ದುಡ್ಡು ಸೇರಿಸಿ ಕೈಗೆತ್ತಿಕೊಂಡ ಯೋಜನೆಯ ಒಂದು ಭಾಗವಾಗಿ 2018ರಲ್ಲಿ 'ಕರ್ಸ್ ಆಫ್ ದ ಮೂನ್' ಬಂತು. ನೋಡೋಕೆ ಥೇಟ್ 1989ರ ಆಟ. ಶುರುವಿನಲ್ಲೇ ಕೇಳುತ್ತೆ: ವೆಟರನ್ನೋ, ಕ್ಯಾಶುಯಲ್ಲೋ? ಕ್ಯಾಶುಯಲ್ ಅಂದರೆ ಪೆಟ್ಟು ಬಿದ್ದರೆ ಹಿಂದಕ್ಕೆ ಚಿಮ್ಮೋದಿಲ್ಲ, ಲೈಫಿಗೆ ಲೆಕ್ಕ ಇಲ್ಲ. ಮೂವತ್ತು ವರ್ಷ ಎಲ್ಲರನ್ನೂ ಹಳ್ಳಕ್ಕೆ ತಳ್ಳಿದ ಆ ಒಂದು ನಿಯಮವನ್ನು ಗುಂಡಿ ಒತ್ತಿ ಆರಿಸಬಹುದು!

2019ರಲ್ಲಿ ಕೊನಾಮಿ ಹಳೇ ಎಂಟು ಆಟಗಳನ್ನು ಒಟ್ಟಿಗೆ ಕಟ್ಟಿ 'ಆನಿವರ್ಸರಿ ಕಲೆಕ್ಷನ್' ಅಂತ ಬಿಟ್ಟಿತು. ಅದರಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿ ಸೇವ್ ಮಾಡಬಹುದು. ಆಮೇಲೆ ಜಪಾನಿನ ಆವೃತ್ತಿಗಳನ್ನೂ ಸೇರಿಸಿದರು, ಹಾಗಾಗಿ ಮೂರನೇ ಭಾಗವನ್ನು ಎರಡೂ ರೀತಿ ಪಕ್ಕಪಕ್ಕದಲ್ಲಿ ಆಡಿ ನೋಡಿದೆ. ನಾನು ಅಣ್ಣನಿಗೆ ಹಾಕಿಕೊಟ್ಟಿದ್ದೂ ಇದನ್ನೇ.

ಇಷ್ಟೆಲ್ಲ ಓದಿ, ಆಡಿ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. 'ಅಸಲಿ ಕಷ್ಟ' ಅಂತ ಒಂದು ಇರಲೇ ಇಲ್ಲ. ಮಾಡಿದವರೇ ಊರಿಗೊಂದು, ವರ್ಷಕ್ಕೊಂದು ಅಂತ ಲೆಕ್ಕ ಬದಲಾಯಿಸಿದ್ದಾರೆ. ಎಲ್ಲೋ 2 ಇದ್ದದ್ದು ಇನ್ನೆಲ್ಲೋ 4. ಒಂದು ಕಡೆ ಸೇವ್ ಇತ್ತು, ಇನ್ನೊಂದು ಕಡೆ ಇರಲಿಲ್ಲ. ನಮ್ಮ ಕೈಗೆ ಬಂದದ್ದನ್ನೇ ನಾವು ವೇದವಾಕ್ಯ ಅಂದುಕೊಂಡು, ಅದಕ್ಕಿಂತ ಸುಲಭವಾಗಿ ಆಡಿದವರನ್ನು ಕೀಳಾಗಿ ನೋಡಿದೆವು. ಹಾಗಂತ ಕಷ್ಟಕ್ಕೆ ಬೆಲೆಯೇ ಇಲ್ಲ ಅಂತ ಅಲ್ಲ. ಹತ್ತು ಸಲ ಹಳ್ಳಕ್ಕೆ ಬಿದ್ದು ಹನ್ನೊಂದನೇ ಸಲ ರುಂಡದ ಅಲೆ ಅರ್ಥವಾಗಿ, ಸರಿಯಾದ ಕ್ಷಣಕ್ಕೆ ಚಾವಟಿ ಬೀಸಿದಾಗ ಆಗೋ ಖುಷಿ ಇದೆಯಲ್ಲ, ಅದು ಸುಳ್ಳಲ್ಲ. ಹೆಜ್ಜೆ ಹೆಜ್ಜೆಗೂ ಸೇವ್ ಮಾಡಿಕೊಂಡು ಹೋದರೆ ಅದು ಸಿಗೋದಿಲ್ಲ. ಇದನ್ನು ನಾನೇ ಮಾಡಿ ನೋಡಿದ್ದೀನಿ, ಒಂದು ರಾತ್ರಿಯಲ್ಲಿ ಮುಗಿಯಿತು, ಮಾರನೇ ದಿನ ಏನೂ ನೆನಪಿರಲಿಲ್ಲ.

ಹೋದ ಭಾನುವಾರ ಊರಿಗೆ ಹೋದಾಗ ಅಣ್ಣನ ಹತ್ತಿರ ಕೂತು ಇದನ್ನೆಲ್ಲ ಹೇಳಿದೆ. ಡಿಸ್ಕಿನ ಕಥೆ ಕೇಳಿ ಜೋರಾಗಿ ನಕ್ಕ. ಆಮೇಲೆ ಅವನು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. ಅವನು ಎಲ್ಲೆಂದರಲ್ಲಿ ಸೇವ್ ಮಾಡಿರಲಿಲ್ಲವಂತೆ. ಒಂದೊಂದು ಹಂತದ ಬಾಗಿಲಲ್ಲಿ ಮಾತ್ರ. ಬಾಗಿಲು ದಾಟಿದ ಮೇಲೆ ಸತ್ತರೆ ಆ ಬಾಗಿಲಿಂದಲೇ ಮತ್ತೆ. ಅವನೇ ಹಾಕಿಕೊಂಡ ನಿಯಮ. ಹದಿನೈದನೇ ಹಂತದ ಓಣಿಗೆ ಒಂದು ವಾರ, ಡ್ರಾಕ್ಯುಲಾನಿಗೆ ನಾಲ್ಕು ಸಂಜೆ. ಜಿಗಿಯೋದೂ ಬಲಗೈ ಹೆಬ್ಬೆರಳೇ, ಚಾವಟಿ ಬೀಸೋದೂ ಅದೇ ಬೆರಳು. ನೋವು ಬಂದಾಗ ನಿಲ್ಲಿಸಿ, ಬೆರಳು ಬಿಸಿನೀರಿಗೆ ಅದ್ದಿ, ಮತ್ತೆ ಶುರು.

ಮೂರು ಲೈಫಲ್ಲಿ ಕಾಂಟ್ರಾ ಆಡಿದ್ದಕ್ಕಿಂತ ಇದು ಕಷ್ಟದ್ದು ಅಂತ ನಾನಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕೋನಿದ್ದಾಗ ನಿಂಗೆ ಮೂವತ್ತು ಲೈಫ್ ಹಾಕ್ಕೊಳ್ಳೋಕೆ ಬಿಡ್ಬೇಕಿತ್ತು ಕಣೋ" ಅಂದ. ದೊಡ್ಡಮ್ಮ ಒಳಗಿಂದ ಊಟಕ್ಕೆ ಕರೆದರು, ಎದ್ದು ಹೋದ್ವಿ.

ಈಗ ಅವನು ಮೂರನೇ ಭಾಗ ಶುರು ಮಾಡಿದ್ದಾನೆ. ಜಪಾನಿನದ್ದೋ ಅಮೆರಿಕದ್ದೋ ಅಂತ ಕೇಳಿದರೆ "ಮೊದ್ಲು ಜಪಾನಿಂದು, ಆಮೇಲೆ ನೋಡೋಣ" ಅಂತಾನೆ.

ನೀವೂ ಚಿಕ್ಕವರಿದ್ದಾಗ ಮುಗಿಸಲಾಗದೆ ಬಿಟ್ಟ ಆಟ ಯಾವುದಾದರೂ ಇದೆಯಾ? ಮೂವತ್ತು ಲೈಫಿನ ಪಂಗಡವೋ, ಮೂರು ಲೈಫಿನ ಪಂಗಡವೋ? ಕಮೆಂಟಿನಲ್ಲಿ ಬರೆಯಿರಿ. ಬೈಯೋರಿಗೂ ಸ್ವಾಗತ, ಅರ್ಧಕ್ಕಿಂತ ಹೆಚ್ಚು ಓದಿದ್ದೀರಲ್ಲ :-)